ಮುಟ್ಟಬಾರದ ಡಬ್ಬಿ

ಶೋಕಸಭೆಯಲ್ಲಿ ಹೆಡ್ ಮಾಸ್ತರರು ಅವರನ್ನು ತಾಳ್ಮೆಯ ಮನುಷ್ಯ ಎಂದರು. ಸುಳ್ಳು. ನಾನು ಕಂಡ ವಿಜ್ಞಾನದ ಸರ್ ಸ್ಕ್ರೂ ಡ್ರೈವರನ್ನು ಕಂಪೌಂಡಿನ ಗೋಡೆಗೆ ಬೀಸಿ ಒಗೆದವರು. ಬಸ್ಸು ಸ್ವಲ್ಪ ತಡವಾದರೆ ರಬಕವಿಯ ತನಕ ನಡೆದೇ ಬಿಡುವವರು. ಚಹಾ ಆರುವುದನ್ನು ಕಾಯಲಾಗದೆ ಬಶಿಗೆ ಸುರಿದು, ಬಶಿಯದೂ ಬಿಸಿ ಎಂದು ಬೈಯುವವರು. ಅವರಲ್ಲಿ ಇದ್ದದ್ದು ತಾಳ್ಮೆಯಲ್ಲ. ಹಾಗಾದರೆ ಏನು ಎಂದು ಯಾರಾದರೂ ಕೇಳಿದ್ದರೆ ಸಭೆಯಲ್ಲಿ ನನಗೂ ಹೇಳಲು ಬರುತ್ತಿರಲಿಲ್ಲ. ಎದ್ದು ನಿಂತು, ಒಳ್ಳೆಯವರಿದ್ದರು ಎಂದು ಹೇಳಿ ಕೂತೆ.

ನಾವಿಬ್ಬರೂ ಬನಹಟ್ಟಿಯ ಒಂದೇ ಹೈಸ್ಕೂಲಿನಲ್ಲಿದ್ದೆವು. ಅವರು ವಿಜ್ಞಾನ, ನಾನು ಡ್ರಾಯಿಂಗ್. ಮನೆಗಳು ಎದುರುಬದುರು, ನಡುವೆ ಒಂದು ಬೇವಿನ ಮರ. ಒಂದು ದಿನ ಆ ಮರದ ಕೆಳಗೆ ಬಿಳಿ ಕಾರೊಂದು ಬಂದು ನಿಂತಿತು. ಹೊಸದಲ್ಲ, ಜಮಖಂಡಿಯ ವಕೀಲರೊಬ್ಬರು ಮಾರಿದ್ದು. ಬೆಳಿಗ್ಗೆ ಎರಡು ಹೆಜ್ಜೆ ಹಾಕಿದರೆ ಶಾಲೆ ಸಿಗುವ ಮಾಸ್ತರರಿಗೆ ಕಾರೇಕೆ ಎಂದು ಓಣಿ ಆಡಿಕೊಂಡಿತು.

ಕಾರು ವೈನಿಗಾಗಿ. ಅವರ ಹೆಂಡತಿಯನ್ನು ನಾವೆಲ್ಲ ಕರೆಯುತ್ತಿದ್ದದ್ದು ಹಾಗೆಯೇ, ವೈನಿ ಎಂದು. ಅವರಿಗೆ ನರಗಳ ರೋಗ. ಮೈಗೆ ಸೆಕೆ ಹತ್ತಿತೆಂದರೆ ಕಣ್ಣು ಮಬ್ಬಾಗುತ್ತಿತ್ತು, ಕಾಲು ಸೋಲುತ್ತಿದ್ದವು. ಮೈ ತಣ್ಣಗಾದರೆ ಕಣ್ಣೂ ಕಾಲೂ ಮರಳುತ್ತಿದ್ದವು. ತಂಪಿನಲ್ಲಿ ಇಟ್ಟುಕೊಳ್ಳಿ ಎಂದು ಮಿರಜದ ಡಾಕ್ಟರು ಹೇಳಿದ್ದರು. ಮನೆಯಲ್ಲಿ ಕೂಲರ್ ಇತ್ತು, ಆದರೆ ಏಪ್ರಿಲ್ ಮಧ್ಯಾಹ್ನ ಬನಹಟ್ಟಿಯಲ್ಲಿ ಕರೆಂಟು ಇರುತ್ತಿರಲಿಲ್ಲ. ಕಾರಿನ ಎಸಿಗೆ ಕರೆಂಟಿನ ಹಂಗಿಲ್ಲ. ಸರ್ ಯೋಚನೆ ಮಾಡಿದ್ದು ಇಷ್ಟೇ.

ಮೊದಲ ಬೇಸಿಗೆ ಆ ಕಾರು ಹೆಚ್ಚಾಗಿ ಎಲ್ಲಿಗೂ ಹೋಗಲಿಲ್ಲ. ಊಟವಾದ ಮೇಲೆ ಸರ್ ಬೇವಿನ ಕೆಳಗೇ ಎಂಜಿನ್ ಶುರು ಮಾಡುತ್ತಿದ್ದರು. ವೈನಿ ಗೋಡೆ ಹಿಡಿದುಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು. ಗಾಜು ಮೇಲೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವರು ಪೇಪರ್ ಓದುವ ದನಿ ಕೇಳುತ್ತಿತ್ತು. ಮೊದಲು ದಪ್ಪ ಅಕ್ಷರ, ಆಮೇಲೆ ಸಣ್ಣವು, ಕೊನೆಗೆ ಮಾರುಕಟ್ಟೆಯ ಬೆಲ್ಲದ ಧಾರಣೆ. ಧಾರಣೆಯ ತನಕ ಬಂದರೆಂದರೆ ಸರ್ ಮುಖದಲ್ಲಿ ಪಾಸಾದ ಹುಡುಗನ ಕಳೆ.

ಆಚೆ ಮನೆಯ ಮಗ್ಗದ ಮಾಲಕರು ಹಾದುಹೋಗುವಾಗ ಬಾಗಿಲು ಬಡಿಯುತ್ತಿದ್ದರು.

"ಸರ, ಗಾಡಿ ಯಾವ ಊರಿಗಿ ಹೊಂಟೈತ್ರಿ?"

"ಎಲ್ಲಿಗೂ ಇಲ್ರಿ. ಇಲ್ಲೇ ಮಹಾಬಳೇಶ್ವರಕ್ಕ ಬಂದೇವಿ."

"ಹಂಗಾರ ಸ್ಟ್ರಾಬೆರಿ ತಗೊಂಡ ಬರ್ರಿ ನಮಗೂ!"

ವೈನಿ ಒಳಗಿನಿಂದ ಗಾಜಿನ ಮೇಲೆ ಬೆರಳಿನಿಂದ ಏನೋ ಬರೆದು ತೋರಿಸುತ್ತಿದ್ದರು. ಏನು ಬರೆಯುತ್ತಿದ್ದರೋ ನೆನಪಿಲ್ಲ. ನೆನಪಿದೆ ಎಂದು ಒಂದೆರಡು ಸಲ ಬೇರೆಯವರ ಮುಂದೆ ಹೇಳಿದ್ದೇನೆ, ಪ್ರತಿ ಸಲವೂ ಬೇರೆ ಶಬ್ದ ಹೇಳಿದ್ದೇನೆ.

ತಿಂಗಳಿಗೊಮ್ಮೆ ಮಿರಜ. ನಾನೂ ಹಿಂದಿನ ಸೀಟಿನಲ್ಲಿ ಜೊತೆಗೆ. ದಾರಿಯುದ್ದಕ್ಕೂ ವೈನಿ ಅಂಗಡಿಗಳ ಬೋರ್ಡು ಓದುತ್ತಿದ್ದರು. ತೇರದಾಳ ದಾಟಿದ ಮೇಲಿನ ಒಂದು ಪೇಟೆ ಅವರಿಗೆ ಬಹಳ ಇಷ್ಟ. ರಸ್ತೆಗೆ ಒತ್ತಿಕೊಂಡು ಸಾಲಾಗಿ ಅಂಗಡಿ, ಬೋರ್ಡೆಲ್ಲ ಕೈಬರಹದವು. "ಬಸವಜ್ಯೋತಿ ಕಿರಾಣಿ. ಮಾಡರ್ನ್ ಟೇಲರ್ಸ್. ಇಲ್ಲಿ ಗಡಿಯಾರ ರಿಪೇರಿ ಮಾಡಲಾಗುವುದು." ಒಂದು ತಪ್ಪಿಸಿದರೆ ಸರ್ ಗಾಡಿಯ ವೇಗ ಇಳಿಸಿ, "ಟೇಲರ್ ಬಾಜೂಕಿಂದು ಬಿಟ್ಟಿ ನೋಡು," ಎನ್ನುತ್ತಿದ್ದರು. "ಬಿಟ್ಟಿಲ್ರಿ, ಅದು ಕಟಿಂಗ್ ಅಂಗಡಿ. ನಿಮಗ ಕೂದಲಿಲ್ಲಂತ ಬಿಟ್ಟೆ."

ಇನ್ನು ಭಂಡಾರದ ಮಾತು. ಇದು ಆ ಬೇಸಿಗೆಗಿಂತ ಮೊದಲಿನದು, ಕಾರು ಬಂದ ವಾರದ್ದು.

ಸರ್ ಕುರಿ ಕಾಯ್ದವರ ಮನೆಯವರು, ಬೀರೇಶ್ವರನ ಒಕ್ಕಲು. ಅವರ ಊರು ಬೀಳಗಿ ಕಡೆಯದು, ಅಣೆಕಟ್ಟಿನ ಹಿನ್ನೀರಿನಲ್ಲಿ ಹೋಯಿತು. ದೇವರನ್ನು ಪಲ್ಲಕ್ಕಿಯಲ್ಲಿ ಹೊತ್ತು ಹೊಸ ಊರಿಗೆ ತಂದರು. ಗುಡಿ ಉಳಿಯಿತು, ಮುಳುಗಲಿಕ್ಕೆ. ನೀರು ಬರುವ ಮೊದಲು ಸರ್ ತಾಯಿ ಆ ಗುಡಿಯ ನೆಲದ ಮೇಲೆ ಎಷ್ಟೋ ತಲೆಮಾರು ಎರಚಿದ ಅರಿಸಿನ ಪುಡಿಯನ್ನು, ಅಂದರೆ ಭಂಡಾರವನ್ನು, ಅಂಗೈಯಿಂದ ಬಳಿದು ಗಂಟು ಕಟ್ಟಿಕೊಂಡು ಬಂದಿದ್ದರು. ಹೊಸ ಗುಡಿಗೆ ಹೊಸ ಭಂಡಾರ. ಗಂಟಿನದು ಮಾತ್ರ ತೀರ ಬೇಕಾದವರಿಗೆ ಚಿಟಿಕೆಯಷ್ಟು.

ಕಾರನ್ನು ಹೊಸ ಊರಿನ ಗುಡಿಯ ಮುಂದೆ ನಿಲ್ಲಿಸಿದೆವು. ಸರ್ ತಾಯಿ, ಆ ಮುದುಕಿ, ಅದರ ಸುತ್ತ ಒಮ್ಮೆ ತಿರುಗಿದರು.

"ಬಂಡಿ ಎದಿ ತಗೀಲೇ ಅಪ್ಪಾ."

ಸರ್ ಬಾನೆಟ್ ಎತ್ತಿದರು.

"ಇದರ ಜೀವಾ ಎಲ್ಲೈತಿ?"

ಪಾಠ ಹೇಳುವ ಸಂದರ್ಭ ಸಿಕ್ಕರೆ ಸರ್ ಬಿಡುವವರಲ್ಲ. ಬ್ಯಾಟರಿಯ ಪಕ್ಕದ ಕಪ್ಪು ಡಬ್ಬಿಯನ್ನು ತೋರಿಸಿದರು. ಅದರ ಮುಚ್ಚಳ ವಕೀಲರ ಕಾಲಕ್ಕೇ ಕಳೆದಿತ್ತು. "ಇದ ನೋಡ ಯವ್ವಾ. ಕರೆಂಟು ಇಲ್ಲಿಗೆ ಬಂದು ಇಲ್ಲಿಂದ ಎಲ್ಲಾ ಕಡೆ ಹೋಗತೈತಿ. ದೀಪಕ್ಕ, ಹಾರ್ನಿಗೆ, ಥಂಡಿ ಗಾಳಿಗೆ."

"ನನ್ನ ಸೊಸಿಗಿ ಥಂಡಿ ಕೊಡೂದು ಯಾವುದ?"

ಸರ್ ಡಬ್ಬಿಯ ಮೂಲೆಯ ಚೌಕ ತುಂಡೊಂದನ್ನು ಬೆರಳಿಟ್ಟು ತೋರಿಸಿದರು. ಅದಕ್ಕೆ ರಿಲೇ ಎನ್ನುತ್ತಾರೆ; ಗುಂಡಿ ಒತ್ತಿದರೆ ಅದು ಎಸಿಯ ಕಂಪ್ರೆಸರಿಗೆ ಕರೆಂಟು ಬಿಡುತ್ತದೆ. ಮುದುಕಿ ಗಂಟು ಬಿಚ್ಚಿ, ಉಳಿದ ಭಂಡಾರವನ್ನೆಲ್ಲ ಅದರ ಸುತ್ತ ಸುರಿದು, ಮೂರು ಬೆರಳಿನಿಂದ ಒತ್ತಿ ಒತ್ತಿ ಸಂದಿಯೊಳಗೆ ಕೂರಿಸಿದರು. ಖಾಲಿ ಬಟ್ಟೆಯನ್ನು ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಬೇಡ ಎಂದು ಯಾರೂ ಅನ್ನಲಿಲ್ಲ. ಯಾರು ಅನ್ನುತ್ತಾರೆ?

ಬೇಸಿಗೆ ಮುಗಿಯಿತು, ಮಳೆ ಬಂತು. ಮುಚ್ಚಳವಿಲ್ಲದ ಡಬ್ಬಿಯಲ್ಲಿ ಭಂಡಾರ ತೇವ ಕುಡಿದು, ಚಳಿಗಾಲದಲ್ಲಿ ಒಣಗಿ ಗಟ್ಟಿಯಾಯಿತು. ಆ ಚಳಿಯಲ್ಲೇ ಮುದುಕಿ ತೀರಿಕೊಂಡರು. ಎರಡನೆಯ ಬೇಸಿಗೆಯ ಮೊದಲ ಬಿಸಿಲಿಗೆ ವೈನಿ ಪೇಪರ್ ಹಿಡಿದು ಬಂದು ಕೂತರು. ಸರ್ ಎಂಜಿನ್ ಶುರು ಮಾಡಿ ಎಸಿಯ ಗುಂಡಿ ಒತ್ತಿದರು. ಫ್ಯಾನು ತಿರುಗಿತು. ಬಂದದ್ದು ಬಿಸಿ ಗಾಳಿ.

ಎಸಿ ಶುರುವಾಗುವಾಗ ಕಂಪ್ರೆಸರ್ ಕಚ್ಚಿಕೊಳ್ಳುವ ಸಣ್ಣ ಸದ್ದೊಂದಿದೆ, ಟಕ್ ಎಂದು. ಅದು ಬರಲಿಲ್ಲ.

ಅಲ್ಲಿಂದ ಮುಂದೆ ಸರ್ ಆ ಟಕ್‌ಗಾಗಿ ಬದುಕಿದರು ಎಂದು ಬರೆದರೆ ಅಚ್ಚುಕಟ್ಟಾಗಿರುತ್ತದೆ. ಶಾಲೆಗೆ ಹೋದರು, ಪಾಠ ಮಾಡಿದರು, ಸಂತೆಗೆ ಹೋಗಿ ಬದನೆಕಾಯಿ ತಂದರು, ಅದೆಲ್ಲ ಇತ್ತು. ಆದರೆ ನನ್ನ ಕಣ್ಣಲ್ಲಿ ಉಳಿದಿರುವುದು ಬಾನೆಟ್ಟಿನ ಕೆಳಗೆ ಬಾಗಿದ ಅವರ ಬೆನ್ನು, ಬನಿಯನ್ನಿನ ಬೆವರು, ಕಿವಿಯ ಹಿಂದೆ ಸಿಕ್ಕಿಸಿದ ಶಾಲೆಯ ಸೀಮೆಸುಣ್ಣ.

ಸೀಮೆಸುಣ್ಣ ಯಾಕೆಂದರೆ, ಒಂದೊಂದೇ ಭಾಗ ಪರೀಕ್ಷೆ ಮಾಡಿ, ಸರಿ ಇದೆ ಎಂದು ಖಾತ್ರಿಯಾದ ಮೇಲೆ ಅದರ ಮೇಲೆ ರೈಟ್ ಹಾಕುತ್ತಿದ್ದರು, ಉತ್ತರಪತ್ರಿಕೆ ತಿದ್ದಿದ ಹಾಗೆ. ಫ್ಯೂಜಿಗೆ ರೈಟ್. ಬೆಲ್ಟಿಗೆ ರೈಟ್. ಗ್ಯಾಸಿನ ಪೈಪಿಗೆ ಸಾಬೂನು ನೀರು ಸವರಿ, ಗುಳ್ಳೆ ಏಳಲಿಲ್ಲವೆಂದು ರೈಟ್.

"ಕೆಟ್ಟಿದ್ದು ಒಂದ ಕಡಿ ಇರತೈತ್ರಿ ಡ್ರಾಯಿಂಗ್ ಸರ," ಎನ್ನುತ್ತಿದ್ದರು. "ಉಳದದ್ದೆಲ್ಲಾ ಸುಮ್ನ ನಮ್ಮ ಕಡಿಂದ ಬೈಸಿಕೊಳ್ಳತೈತಿ. ಒಂದೊಂದ ಬಿಡಿಸಿಕೋತ ಹ್ವಾದ್ರ ಕಡೀಕ ಅದು ಸಿಗಾಕ ಬೇಕು."

ಈ ಮಾತನ್ನು ಅವರು ವಿದ್ಯಾರ್ಥಿಗಳಿಗೂ ಹೇಳುತ್ತಿದ್ದರು, ವೈನಿಯ ರೋಗದ ಬಗ್ಗೆಯೂ ಹೇಳುತ್ತಿದ್ದರು.

ಓಣಿಯಲ್ಲಿ ಹಗಲಿಡೀ ಪವರ್‌ಲೂಮಿನ ಖಟಖಟ. ಆ ಗದ್ದಲದಲ್ಲಿ ಟಕ್ ಬಂದರೂ ಕೇಳುವುದಿಲ್ಲ ಎಂದು ಅವರಿಗೆ ಅನುಮಾನ. ಹಾಗಾಗಿ ಕರೆಂಟು ಹೋದ ಕೂಡಲೇ ಓಡಿ ಬರುತ್ತಿದ್ದರು. ಮಗ್ಗಗಳು ಒಮ್ಮೆಲೇ ನಿಂತು ಊರು ಉಸಿರು ಹಿಡಿದ ಹಾಗೆ ಆಗುತ್ತಿತ್ತು. ಅದೇ ಗಳಿಗೆಯಲ್ಲಿ ಒಳಗೆ ಕೂಲರ್ ನಿಂತು ವೈನಿಯ ಕಣ್ಣು ಮಬ್ಬಾಗುತ್ತಾ ಬರುತ್ತಿತ್ತು. ನಾನು ಕಾರಿನಲ್ಲಿ ಕೂತು ಗುಂಡಿ ಒತ್ತಬೇಕು. ಸರ್ ಬಾನೆಟ್ಟಿನೊಳಗೆ ಕಿವಿ.

"ಒತ್ರಿ."

ಒತ್ತಿದೆ.

"ಒತ್ತಿದ್ರಿ?"

"ಒತ್ತೇನ್ರಿ ಸರ."

"ಇನ್ನೊಮ್ಮೆ ಒತ್ರಿ."

ಸ್ಕ್ರೂ ಡ್ರೈವರ್ ಗೋಡೆಗೆ ಹಾರಿದ್ದು ಇಂಥ ಒಂದು ಮಧ್ಯಾಹ್ನ. ವೈನಿ ಒಳಗಿನಿಂದಲೇ, "ಏನ್ ಬಿತ್ತ್ರೀ?" ಎಂದರು. "ಏನಿಲ್ಲ, ಬೆಕ್ಕು," ಎಂದರು ಸರ್.

ಜಮಖಂಡಿಗೆ ಒಯ್ದೆವು. ಅಲ್ಲಿಯ ಎಸಿ ಮಿಸ್ತ್ರಿ ಬಾಯಲ್ಲಿ ಗುಟಕಾ ಇಟ್ಟುಕೊಂಡೇ ಗ್ಯಾಸ್ ಹೋಗೈತ್ರಿ ಎಂದ. ಗ್ಯಾಸ್ ಹೋಗಿಲ್ಲ ಎಂದು ಸರ್ ರೈಟ್ ತೋರಿಸಿದರು. ಮಿಸ್ತ್ರಿ ನಕ್ಕು ಬ್ಯಾಟರಿಯಿಂದ ಒಂದು ವೈರು ಎಳೆದು ನೇರವಾಗಿ ಕಂಪ್ರೆಸರಿಗೆ ಮುಟ್ಟಿಸಿದ.

ಟಕ್.

"ಬಂತ್ರೀ!" ಎಂದು ವೈನಿ ಒಳಗಿನಿಂದ ಕೂಗಿದರು. ಮುಖವನ್ನು ಗಾಳಿಗೆ ಒಡ್ಡಿ ಕೂತಿದ್ದರು.

"ನೋಡ್ರಿ, ಮಷೀನು ಛಲೋ ಐತಿ," ಎಂದ ಮಿಸ್ತ್ರಿ. "ನಡಕ ಎಲ್ಲ್ಯೋ ಕರೆಂಟು ನಿಂತೈತಿ. ಹಿಂಗ ಡೈರೆಕ್ಟ್ ಬಿಡ್ಲೇನ್ರಿ?"

ಸರ್ ಬೇಡವೆಂದರು. ಒತ್ತಡ ಹೆಚ್ಚಾದರೆ ತಾನೇ ನಿಲ್ಲುವ ವ್ಯವಸ್ಥೆ ನೇರ ವೈರಿನಲ್ಲಿ ಇರುವುದಿಲ್ಲ, ಪೈಪು ಒಡೆದರೆ ಮುಂದಿನ ಸೀಟಿನಲ್ಲಿ ಕೂತಿರುವವಳು ಅವಳು ಎಂದರು. ಅದು ಸರಿಯಾದ ಮಾತೇ. ಮಿಸ್ತ್ರಿ ವೈರು ತೆಗೆದು ಕಪ್ಪು ಡಬ್ಬಿಗೆ ಬಗ್ಗಿದ.

"ಸರ, ಇದರಾಗೇನ್ರಿ ಇಷ್ಟ ಅರಿಷಿಣ? ಪಲ್ಯಾ ಮಾಡೀರೇನ? ಇಲ್ಲೇ ಐತಿ ನೋಡ್ರಿ ರೋಗ. ತಡೀರಿ, ಗಾಳಿ ಹೊಡೀತೇನಿ."

ಗಾಳಿಯ ಪೈಪು ಎತ್ತಿದ ಅವನ ಮಣಿಕಟ್ಟನ್ನು ಸರ್ ಹಿಡಿದರು. "ಅದೊಂದ ಬಿಟ್ಟ ಬ್ಯಾರೆ ನೋಡ್ರಿ."

"ಹೊಟ್ಟಿ ನೋವಂತ ಬಂದು, ಡಾಕ್ಟರಗ ಹೊಟ್ಟಿ ಬಿಟ್ಟ ಬ್ಯಾರೆ ನೋಡ್ರಿ ಅಂದಂಗಾತಲ್ರಿ!"

ನಾವು ತಿರುಗಿ ಬಂದೆವು. ದಾರಿಯಲ್ಲಿ ಸರ್ ಒಂದೇ ಮಾತು ಹೇಳಿದರು. "ಅವ್ವನ ಬೆರಳು ಮೂಡ್ಯಾವ್ರಿ ಅದರಾಗ."

ಅದನ್ನು ನಾನೂ ನೋಡಿದ್ದೆ. ಗಟ್ಟಿಯಾದ ಹಳದಿಯಲ್ಲಿ ಮೂರು ತಗ್ಗು. ಮುದುಕಿಯ ಫೋಟೋ ಒಂದೂ ಇರಲಿಲ್ಲ. ಊರೂ ಇರಲಿಲ್ಲ, ಗುಡಿಯೂ ಇರಲಿಲ್ಲ. ಗುಡಿಯ ನೆಲ ಇಷ್ಟೇ ಉಳಿದದ್ದು, ಈ ಡಬ್ಬಿಯಲ್ಲಿ. ಅದನ್ನು ಪಂಪಿನ ಗಾಳಿಯಿಂದ ಜಮಖಂಡಿಯ ಗಟಾರಕ್ಕೆ ಹಾರಿಸುವುದು ಹೇಗೆ?

ಇಷ್ಟಕ್ಕೆ ನಿಲ್ಲಿಸಿದರೆ ಇವರ ಚಿತ್ರ ಮುಗಿದ ಹಾಗೆ ಕಾಣುತ್ತದೆ: ತಾಯಿಯ ಗುರುತು ಒಂದು ಕಡೆ, ಹೆಂಡತಿಯ ಕಣ್ಣು ಒಂದು ಕಡೆ, ನಡುವೆ ಸಿಕ್ಕಿಬಿದ್ದವರು. ಬಹಳ ದಿನ ನಾನು ಹಾಗೆಯೇ ತಿಳಿದಿದ್ದೆ. ಆದರೆ ಜಮಖಂಡಿಯಿಂದ ಬಂದ ಮೇಲೂ ಅವರು ತಪಾಸಣೆ ನಿಲ್ಲಿಸಲಿಲ್ಲ. ರೈಟ್ ಹಾಕಿದ್ದರ ಮೇಲೆ ಮತ್ತೆ ರೈಟ್. ರೋಗ ಎಲ್ಲಿದೆ ಎಂದು ಮಿಸ್ತ್ರಿ ತೋರಿಸಿದ್ದಾನೆ, ಇವರು ಬೆಲ್ಟು ಬಿಚ್ಚಿ ಒರೆಸುತ್ತಿದ್ದಾರೆ. ಸಿಗಬಾರದು ಎಂದು ಹುಡುಕುವವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಸರ್ ಉತ್ತರಪತ್ರಿಕೆ ತಿದ್ದಲು ಬಾಗಲಕೋಟೆಗೆ ಹೋದ ದಿನ. ಡ್ರಾಯಿಂಗಿಗೆ ಆ ಕರೆ ಬರುವುದಿಲ್ಲ, ನಾನು ಮನೆಯಲ್ಲಿದ್ದೆ. ವೈನಿ ಬಾಗಿಲಿನ ಚೌಕಟ್ಟು ಹಿಡಿದು ನನ್ನನ್ನು ಕರೆದರು.

"ಬಾನೆಟ್ ಎತ್ರಿ ಸರ. ಎಲ್ಲಾದರ ಮ್ಯಾಲೂ ಅವರು ಸುಣ್ಣ ಹಚ್ಯಾರಂತಲ್ಲ. ಯಾವುದಕ್ಕ ಹಚ್ಚಿಲ್ಲ ಹೇಳ್ರಿ."

"ಒಂದ ಐತ್ರಿ ವೈನಿ. ಡಬ್ಬಿ."

"ನನ್ನ ಕೈ ಅಲ್ಲಿ ಇಡ್ರಿ."

ಇಟ್ಟೆ. ಬೆರಳುಗಳು ಹಳದಿಯ ಮೇಲೆ ಹರಿದಾಡಿ, ತಗ್ಗುಗಳು ಸಿಕ್ಕ ಕೂಡಲೇ ನಿಂತವು. ತಮ್ಮ ಮೂರು ಬೆರಳನ್ನು ಒಂದೊಂದಾಗಿ ಅವುಗಳೊಳಗೆ ಇಳಿಸಿದರು. "ಅತ್ತಿ ಕೈ ನನ್ನಕಿಂತ ಸಣ್ಣೂ," ಎಂದರು. ಬೆರಳು ತೆಗೆಯಲಿಲ್ಲ. ಬಿಸಿಲಿನಲ್ಲಿ ಅವರ ಕಾಲು ನಡುಗುತ್ತಿದ್ದವು. ಸ್ಟೂಲು ತಂದುಕೊಟ್ಟೆ.

ಆಮೇಲೆ ತಲೆಯಿಂದ ಪಿನ್ನು ತೆಗೆದರು.

"ವೈನಿ, ಸರ್ ಏನಂತಾರೋ..."

"ಏನಂತಾರ? ಆ ಮನಷ್ಯಾ ಮೂರೂ ಹೊತ್ತು ಇದರಾಗ ತಲಿ ಇಟ್ಟು ಕುಂತಾರ. ಉಣ್ಣಾಕ ಕರದ್ರ ಒಂದ ನಟ್ಟು ಐತಿ ಅಂತಾರ. ಇದು ಚಾಲೂ ಆದ್ರ ಆ ಮನಷ್ಯಾ ಎದ್ದ ಮನಿಯೊಳಗ ಬರತಾರ, ಅಷ್ಟ ಸಾಕು ನನಗ."

ಕಣ್ಣಿನ ಮಾತು ಅವರು ಎತ್ತಲೇ ಇಲ್ಲ. ಅದು ನನಗೆ ಆಗ ಹೊಳೆಯಲಿಲ್ಲ.

ಪಿನ್ನಿನಿಂದ ಕೆರೆದು ಕೆರೆದು ಭಂಡಾರವನ್ನು ಸೆರಗಿಗೆ ಬೀಳಿಸಿಕೊಂಡರು. ಒಂದು ಚೂರೂ ನೆಲಕ್ಕೆ ಬೀಳಗೊಡಲಿಲ್ಲ. ರಿಲೇಯನ್ನು ನಾನು ಕಿತ್ತುಕೊಟ್ಟೆ. ಅದರ ತಾಮ್ರದ ಕಾಲುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಸೆರಗಿನ ಇನ್ನೊಂದು ತುದಿಯಿಂದ ಉಜ್ಜಿ ಕೊಟ್ಟರು, ಕೂರಿಸಿದೆ. ಎಂಜಿನ್ ಶುರು ಮಾಡಿ ಗುಂಡಿ ಒತ್ತಿದೆ. ಮಗ್ಗಗಳು ಓಡುತ್ತಿದ್ದವು, ಆದರೂ ಕೇಳಿತು.

ಟಕ್.

ಸಂಜೆ ಸರ್ ಬಂದಾಗ ನಾನು ಮತ್ತೊಮ್ಮೆ ಗುಂಡಿ ಒತ್ತಿ ಕೇಳಿಸಿದೆ. ಕುಣಿಯುತ್ತಾರೆ, ಇಲ್ಲವೆ ಬೈಯುತ್ತಾರೆ ಎಂದುಕೊಂಡಿದ್ದೆ. ಕೈಚೀಲ ಹಿಡಿದುಕೊಂಡೇ ನಿಂತರು.

"ಎಲ್ಲೈತಿ ಅದು?"

ವೈನಿ ಸೆರಗಿನ ಗಂಟನ್ನು ಮುಂದೆ ಚಾಚಿದರು. ಸರ್ ಮುಟ್ಟಿ ನೋಡಿ ಬಿಟ್ಟರು. ಕಿಸೆಯಿಂದ ಸೀಮೆಸುಣ್ಣ ತೆಗೆದು ಡಬ್ಬಿಯ ಮೇಲೆ ರೈಟ್ ಹಾಕಿದರು. ಹಾಕಿ, ಬಾನೆಟ್ಟನ್ನು ಮೆಲ್ಲಗೆ ಇಳಿಸಿದರು. ವೈನಿ ಒಳಗೆ ಹೋದ ಮೇಲೆ ಬೇವಿನ ಕಟ್ಟೆಯ ಮೇಲೆ ನನ್ನ ಪಕ್ಕ ಕೂತರು.

"ಹ್ವಾದ ಸಲ ಗಾಡಿ ಬಿಚ್ಚಿತ್ತಂತ ಮಿರಜಕ್ಕ ನಾವಿಬ್ರ ಬಸ್ಸಿಗೆ ಹೋಗಿದ್ವೆಲ್ರಿ. ಡಾಕ್ಟರ ಖೋಲ್ಯಾಗ ಎಸಿ ಇತ್ತು. ಥಂಡಿ ಅಂದ್ರ ಥಂಡಿ, ನನಗ ಹಲ್ಲು ಕಟಕಟ ಅನ್ನಾಕತ್ತಿದ್ವು. ಬಾಳ ಹೊತ್ತ ಕುಂದರಿಸಿ ಗ್ವಾಡಿ ಮ್ಯಾಲಿನ ಅಕ್ಷರ ಓದಂದ್ರು. ಓದಾಕ ಮನಸಿಲ್ಲ ಅಂದ್ಲು."

ಅವರ ಕೈಚೀಲವನ್ನು ತೆಗೆದು ಕಟ್ಟೆಯ ಮೇಲಿಟ್ಟೆ.

"ಸೆಕಿ ಬರೇ ಪಡದೆ ಎಳೀತಿತ್ತಂತ. ಈಗ ಪಡದೆ ಹಿಂದನೂ ಏನಿಲ್ಲಂದ್ರು. ಇನ್ನ ಥಂಡಿ ಮಾಡಿದ್ರೂ ಅಷ್ಟ, ಬಿಟ್ರೂ ಅಷ್ಟ." ಸೀಮೆಸುಣ್ಣವನ್ನು ಬೆರಳಲ್ಲಿ ಮುರಿದರು. "ಎಸಿ ಕೆಟ್ಟೈತಿ ಅನ್ನೂ ಮಟಾ ಒಂದು ನೆವಾ ಇತ್ತಲ್ರಿ ನಮ್ಮನಿಯೊಳಗ."

ಹಾಗಾದರೆ ಡಬ್ಬಿಯನ್ನು ಕಾಯ್ದದ್ದು ತಾಯಿಯ ಬೆರಳಿಗಾಗಿಯೋ, ಈ ನೆವಕ್ಕಾಗಿಯೋ? ಎರಡೂ ಎಂದು ಬರೆದು ಕೈತೊಳೆದುಕೊಳ್ಳಬಹುದು. ನನಗೆ ಗೊತ್ತಿಲ್ಲ. ಮಿರಜದ ಮಾತು ಬರುವ ಮೊದಲು, ತಂಪಿಗೆ ಇನ್ನೂ ಕಣ್ಣು ಕೊಡುವ ಶಕ್ತಿ ಇದ್ದ ದಿನಗಳಲ್ಲೂ ಅವರು ಅದನ್ನು ಮುಟ್ಟಿರಲಿಲ್ಲ ಎಂಬುದು ಮಾತ್ರ ಗೊತ್ತು. ಆ ದಿನಗಳಲ್ಲಿ ವೈನಿ ಬೆಲ್ಲದ ಧಾರಣೆಯ ತನಕ ಓದಬಹುದಿತ್ತು. ಅದು ಸರ್‌ಗೂ ಗೊತ್ತಿತ್ತು. ಅದನ್ನು ಅವರು ನನ್ನ ಮುಂದೆ ಎಂದೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಅದೇ ವಾರ ಮಿರಜಕ್ಕೆ ಹೊರಟೆವು. ಎಸಿ ಜೋರಾಗಿತ್ತು. ಫ್ಯಾನಿನ ಜೊತೆ ಎಲ್ಲಿಂದಲೋ ಅರಿಸಿನದ ವಾಸನೆ ಬಂದು ಹೋಗುತ್ತಿತ್ತು. ವೈನಿ ಹೊಸ ಸೀರೆ ಉಟ್ಟು, ಭಂಡಾರದ ಗಂಟನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ತೇರದಾಳ ದಾಟಿತು. ಕೈಬರಹದ ಬೋರ್ಡುಗಳ ಆ ಪೇಟೆ ಬಂತು. ಊರು ಯಾವುದೆಂದು ಈಗ ಹಠ ಹಿಡಿದು ಹೇಳಲಾರೆ, ಆದರೆ ಕಂಡದ್ದನ್ನು ಹೇಳಬಲ್ಲೆ. ರಸ್ತೆ ಅಗಲ ಮಾಡುವುದಕ್ಕೆ ಆ ಸಾಲನ್ನೆಲ್ಲ ಕೆಡವಿದ್ದರು. ಕಿರಾಣಿ ಇಲ್ಲ, ಟೇಲರ್ ಇಲ್ಲ. ಇಟ್ಟಿಗೆಯ ಗುಡ್ಡೆ, ಅರ್ಧ ಗೋಡೆ, ಅರ್ಧ ಗೋಡೆಯ ಮೇಲೆ ಯಾರದೋ ದೇವರ ಗೂಡು. ಹಿಂದಿನ ಸಲ ಬಸ್ಸಿನಲ್ಲಿ ಹೋಗುವಾಗ ಸರ್ ಇದನ್ನು ನೋಡಿರಬೇಕು. ಹೇಳಿರಲಿಲ್ಲ.

ಸರ್ ಗಾಡಿಯ ವೇಗ ಇಳಿಸಿದರು. ಅಭ್ಯಾಸದಿಂದ ಇರಬೇಕು. ವೇಗ ಇಳಿದದ್ದು ವೈನಿಗೆ ಗೊತ್ತಾಯಿತು. ಕಿಟಕಿಯ ಕಡೆ ಮುಖ ತಿರುಗಿಸಿದರು.

"ಬಸವಜ್ಯೋತಿ ಕಿರಾಣಿ," ಎಂದರು.

ಸರ್ ಇನ್ನೊಂದು ಗೇರ್ ಇಳಿಸಿದರು.

"ಮಾಡರ್ನ್ ಟೇಲರ್ಸ್. ಕಟಿಂಗ್ ಅಂಗಡಿ. ಇಲ್ಲಿ ಗಡಿಯಾರ ರಿಪೇರಿ ಮಾಡಲಾಗುವುದು." ನಿಲ್ಲಿಸಿ ಗಂಡನ ಕಡೆ ತಿರುಗಿ ನಕ್ಕರು. "ನೋಡ್ರಿ, ಥಂಡಿ ಬಂದ ಕೂಡ್ಲೇ ಹೆಂಗ ಚಕ್ಕನ ಕಾಣಾಕತ್ತು."

ಮುದುಕನೊಬ್ಬ ಇಟ್ಟಿಗೆ ಗುಡ್ಡೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು ನಮ್ಮ ಕಾರನ್ನೇ ನೋಡುತ್ತಿದ್ದ. ಸರ್ ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡಿದರು. ನಾನು ಕಣ್ಣು ತಗ್ಗಿಸಿದೆ.

"ಹೌದು," ಎಂದರು. "ಛಲೋ ಓದಿದಿ. ಮುಂದಿಂದು ಓದು."

ಅವರು ಓದಿದರು.